ಕೊಳ್ಳುವವರು ಹೋದ ಮರುದಿನ

(ಬದಿಯಡ್ಕದ ಹತ್ತಿರ ಒಂದು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು. ಬರೆದು ಕೊಡಿ ಅಂತ ಸಂಘಟಕರು ಕೇಳಿದರು. ಅಲ್ಲಿ ಬಾಯಲ್ಲಿ ಹೇಳಲಾಗದ ಒಂದೆರಡು ಲೆಕ್ಕವನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣದಲ್ಲಿ ನನ್ನ ವಿಷಯವನ್ನು ‘ಬದಲಾಗುತ್ತಿರುವ ಆರ್ಥಿಕತೆಯಲ್ಲಿ ಸಣ್ಣ ಉದ್ಯಮ’ ಅಂತ ಹಾಕಿದ್ದಾರೆ. ಪುಸ್ತಕಗಳಲ್ಲಿ ಈ ಮಾತು ಬರುವುದು ಪೋಲೆಂಡ್, ಹಂಗೆರಿ, ವಿಯೆಟ್ನಾಂ, ಚೀನಾದಂಥ ದೇಶಗಳ ಬಗ್ಗೆ. ಎಲ್ಲವನ್ನೂ ಸರಕಾರವೇ ನಡೆಸುತ್ತಿದ್ದ ಕಡೆ ಒಂದು ದಿನ ‘ಇನ್ನು ನಿಮ್ಮ ದಾರಿ ನೀವು ನೋಡಿಕೊಳ್ಳಿ’ ಅಂದಾಗ ಜನ ಏನು ಮಾಡಿದರು ಎಂಬ ಕಥೆ ಅದು. ಅದನ್ನೂ ಸ್ವಲ್ಪ ಹೇಳುತ್ತೇನೆ. ಆದರೆ ನನಗೆ ಈ ವಿಷಯ ಮೊದಲು ಗೊತ್ತಾದದ್ದು ಅಮ್ಮನ ತಡ್ಪೆಯ, ಅಂದರೆ ಮೊರದ, ಪಕ್ಕ ಕೂತು.

ಅಮ್ಮ ಬೀಡಿ ಕಟ್ಟುತ್ತಿದ್ದರು. ಜಗಲಿಯಲ್ಲಿ ಕಾಲು ಚಾಚಿ ಕೂತರೆ ತೊಡೆ ಮೇಲೆ ತಡ್ಪೆ. ಹಿಂದಿನ ರಾತ್ರಿ ನೀರು ಮಾಡಿ ಗೋಣಿಯಲ್ಲಿ ಸುತ್ತಿಟ್ಟ ಎಲೆ. ತಗಡಿನ ಅಳತೆಯನ್ನು ಎಲೆ ಮೇಲಿಟ್ಟು ಸುತ್ತ ಕತ್ತರಿ ಆಡಿಸುವುದು, ಚಿಟಿಕೆ ಹೊಗೆಸೊಪ್ಪಿನ ಹುಡಿ ಹಾಕಿ ಸುರುಳುವುದು, ತುದಿ ಮಡಚಿ ನೂಲು ಸುತ್ತುವುದು. ನಮ್ಮ ಜೊತೆ ಮಾತಾಡುತ್ತಲೇ ಕೈ ಓಡುತ್ತಿತ್ತು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿನ ಕಂಟ್ರಾಕ್ಟರು ಕಟ್ಟು ಬಿಚ್ಚಿ ನೋಡಿ, ಇದು ಸಡಿಲ, ಇದು ಸಣ್ಣ ಅಂತ ಒಂದಷ್ಟು ತೆಗೆದು ಬದಿಗೆ ಹಾಕುತ್ತಿದ್ದ. ಅದಕ್ಕೆ ಮಜೂರಿ ಇಲ್ಲ. ಕೊಟ್ಟ ಎಲೆ ಸಾವಿರ ಬೀಡಿಗೆ ಸಾಲದಿದ್ದರೆ ಕಡಿಮೆ ಬಿದ್ದ ಎಲೆಯನ್ನು ನಾವೇ ದುಡ್ಡು ಕೊಟ್ಟು ತರಬೇಕು.

ಒಳ್ಳೆ ಬೀಡಿ ಕಟ್ಟುವುದು ಹೇಗೆ ಅಂತ ಅಮ್ಮನಿಗೆ ಪೂರ್ತಿ ಗೊತ್ತಿತ್ತು. ಅದನ್ನು ಯಾರು ಸೇದುತ್ತಾರೆ, ಯಾವ ಊರಲ್ಲಿ, ಅಂಗಡಿಯಲ್ಲಿ ಎಷ್ಟು ಕೊಟ್ಟು? ಒಂದೂ ಗೊತ್ತಿರಲಿಲ್ಲ. ಬ್ರಾಂಚಿನವರು ವಾರಕ್ಕೆ ಮೂರೇ ದಿನ ಎಲೆ ಕೊಡಲು ಶುರು ಮಾಡಿದರು. ಅಷ್ಟು ನುರಿತ ಕೈ ಇದ್ದೂ ಅಮ್ಮ ಉಳಿದ ದಿನ ಸುಮ್ನೆ ಕೂರಬೇಕಾಯಿತು.

ಆಮೇಲೆ ನಾನು ಬ್ಯಾಂಕಿಗೆ ಸೇರಿದೆ. ಮೂವತ್ತು ವರ್ಷಕ್ಕೂ ಜಾಸ್ತಿ ಸಾಲದ ಮೇಜಿನ ಹಿಂದೆ ಕೂತೆ. ಈ ಭಾಗದಲ್ಲಿ ಶುರುವಾದ ಸಣ್ಣ ಉದ್ಯಮಗಳನ್ನೂ ನೋಡಿದೆ, ಮುಚ್ಚಿದವನ್ನೂ ನೋಡಿದೆ. ದುಡ್ಡು ಸಾಲದೆ ಮುಚ್ಚಿದವು ಇದ್ದವು. ಅದಕ್ಕಿಂತ ಜಾಸ್ತಿ ಮುಚ್ಚಿದ್ದು ಕೊಳ್ಳುವವರು ಇಲ್ಲದೆ. ನಾವು ಬ್ಯಾಂಕಿನವರು ಅರ್ಜಿ ಹಾಕಿದವರ ಹತ್ತಿರ ಜಾಗದ ಕಾಗದ ಕೇಳಿದೆವು, ಯಂತ್ರದ ಕೊಟೇಶನ್ ಕೇಳಿದೆವು, ಜಾಮೀನು ಕೇಳಿದೆವು. ‘ನಿಮ್ಮ ಸಾಮಾನು ಕೊಳ್ಳುವ ಹತ್ತು ಜನರ ಹೆಸರು ಹೇಳಿ’ ಅಂತ ಮಾತ್ರ ಕೇಳಲಿಲ್ಲ. ಅದು ನನ್ನ ಮನಸ್ಸಲ್ಲಿ ಇವತ್ತಿಗೂ ಉಂಟು. ಇವತ್ತು ಬಂದಿರುವುದು ಅದೊಂದು ಪ್ರಶ್ನೆಯ ಬಗ್ಗೆ ಮಾತಾಡಲಿಕ್ಕೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೊಳ್ಳುವವರು ಇದ್ದಕ್ಕಿದ್ದಂತೆ ಹೋಗುವುದು ಹೊಸತಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ನಮ್ಮ ಅಡಿಕೆ, ತೆಂಗು, ಒಳ್ಳೆಮೆಣಸು (ಕಾಳುಮೆಣಸು) ಹೋಗುತ್ತಿದ್ದ ಮಂಗಳೂರು ಪೇಟೆ ಬೇರೆ ರಾಜ್ಯದ್ದಾಯಿತು. 1966ರಲ್ಲಿ ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಹೊತ್ತು ಎಲ್ಲ ಕೊಡಬೇಕೆಂಬ ಕಾನೂನು ಬಂತು. ಕೇರಳ ಅದನ್ನು ಜಾರಿ ಮಾಡಿದಾಗ ದೊಡ್ಡ ಬೀಡಿ ಕಂಪನಿಗಳು ಉತ್ತರ ಕೇರಳದ ತಮ್ಮ ಕಾರ್ಖಾನೆಗಳಿಗೆ ಬೀಗ ಹಾಕಿದವು. ಸಾವಿರಾರು ಜನ ಬೀದಿಗೆ ಬಿದ್ದರು. ಆ ಕೆಲಸಗಾರರೇ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಒಂದು ಕಾಲಕ್ಕೆ ಅದರಲ್ಲಿ ನಲವತ್ತು ಸಾವಿರದಷ್ಟು ಜನ ಇದ್ದರು. ಬೀಡಿ ಸೇದುವವರು ಕಡಿಮೆಯಾಗುತ್ತಾ ಬಂದಾಗ, 1990ರ ದಶಕದ ಕೊನೆಯ ಹೊತ್ತಿಗೆ, ಅದೇ ಸಂಘ ಮಸಾಲೆ ಹುಡಿ, ತೆಂಗಿನ ಹಾಲು, ಕೊಡೆ, ಉಡುಪು ಅಂತ ಬೇರೆ ಕೆಲಸಕ್ಕೆ ಕೈ ಹಾಕಿತು. ಬೀಡಿಯ ಹೆಸರನ್ನೇ ಮಸಾಲೆಗೂ ಇಟ್ಟರು. ಯಾಕೆ? ಅಂಗಡಿಯವನಿಗೆ ಆ ಹೆಸರು ಗೊತ್ತಿತ್ತು. ಅವರ ಕೈಯಲ್ಲಿದ್ದ ದೊಡ್ಡ ಆಸ್ತಿ ಅದೇ.

ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊದ ಕಥೆ ನಿಮಗೆ ಗೊತ್ತು. ಆದರೂ ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇಲ್ಲಿನ ಮಕ್ಕಳು ಅದನ್ನು ಅಡಿಕೆ ತೂಕ ಮಾಡುವ ಜಾಗ ಅಂತ ಮಾತ್ರ ತಿಳಿದಿದ್ದಾರೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತು. ಬೆಳೆದವನಿಗೆ ಅಡಿಕೆ ಸುಲಿಯುವ ಕೂಲಿ ಹುಟ್ಟುವುದೂ ಕಷ್ಟವಾಯಿತು. ವ್ಯಾಪಾರಿ ಹೇಳಿದ್ದೇ ಬೆಲೆ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ಕ್ಕೆ ಕ್ಯಾಂಪ್ಕೊ ಹುಟ್ಟಿತು. ಅದರ ಒಂದು ಕಾಲು ಕರ್ನಾಟಕದಲ್ಲಿ, ಇನ್ನೊಂದು ಕೇರಳದಲ್ಲಿ. ಹದಿನೇಳು ವರ್ಷ ಹಿಂದೆ ಬಿದ್ದ ಗಡಿಯ ಆಚೆಗೂ ಈಚೆಗೂ ಒಂದೇ ಬೆಳೆ, ಒಂದೇ ಕಷ್ಟ ಅಂತ ಅವರು ಕಂಡರು.

ಅದಾದ ಮೇಲೆ ಕೊಕ್ಕೋ ಬಂತು. ಅಡಿಕೆ ತೋಟದ ನಡುವೆ ನೆಡಿ, ನಾವು ತೆಗೆದುಕೊಳ್ಳುತ್ತೇವೆ ಅಂತ ಹೇಳಿ ಕಂಪನಿಯವರು ಬೆಳೆಸಿದರು. ಬೆಳೆ ಕೈಗೆ ಬಂದ ಹೊತ್ತಿಗೆ, 1970ರ ದಶಕದ ಕೊನೆಗೆ, ಹೊರದೇಶದಲ್ಲಿ ಬೆಲೆ ಇಳಿಯಿತು, ಕೊಳ್ಳುವ ಕಂಪನಿ ಹಿಂದೆ ಸರಿಯಿತು. ಜನ ಗಿಡ ಕಡಿದರು. ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. ಆದರೆ ಖರೀದಿ ಮಾಡಿ ಇಟ್ಟುಕೊಂಡರೆ ಮುಗಿಯಲಿಲ್ಲ, ಅದನ್ನು ಯಾರಿಗೆ ಮಾರುವುದು? ಆ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು. ರೈತರ ಸಂಘವೊಂದು ಚಾಕಲೇಟ್ ಮಾಡುತ್ತದೆ ಅಂದರೆ ಆಗ ನಂಬಿದವರು ಕಡಿಮೆ. ಕೊಳ್ಳುವವನು ಬಿಟ್ಟುಹೋದ, ಸರಿ, ನಾವೇ ಕೊಳ್ಳುವವರಾಗೋಣ ಅನ್ನುವ ಧೈರ್ಯ ಅದು. ನನಗೆ ಈಗಲೂ ಅದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ಈಗ ಹೊರಗಿನ ದೇಶಗಳಿಗೆ ಬರೋಣ. ಪೋಲೆಂಡಿನಲ್ಲಿ 1989ರಲ್ಲಿ ಸರಕಾರದ ಹಿಡಿತ ಸಡಿಲವಾದಾಗ ಜನ ಮಡಚುವ ಮಂಚವನ್ನು ರಸ್ತೆ ಬದಿ ಹಾಕಿ ಅದರ ಮೇಲೆ ಸಾಬೂನು, ಸಾಕ್ಸು, ಮಾಂಸ ಎಲ್ಲ ಇಟ್ಟು ಮಾರಿದರು. ಇನ್ನೊಂದು ಕಡೆ, ಸೋವಿಯತ್ ಒಕ್ಕೂಟಕ್ಕೆಂದೇ ಸಾಮಾನು ಮಾಡುತ್ತಿದ್ದ ದೊಡ್ಡ ಕಾರ್ಖಾನೆಗಳಿದ್ದವು. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಕಾರ್ಖಾನೆಯಲ್ಲಿ ಯಂತ್ರ ಇತ್ತು, ಇಂಜಿನಿಯರ್ ಇದ್ದರು, ಗಿರಾಕಿ ಇರಲಿಲ್ಲ. ಮಂಚದ ಮೇಲೆ ಮಾರುತ್ತಿದ್ದವನಿಗೆ ಬೇರೇನೂ ಇರಲಿಲ್ಲ, ಗಿರಾಕಿ ಮಾತ್ರ ಎದುರಿಗೇ ನಿಂತಿದ್ದ.

ಚೀನಾದ ವುಹು ಎಂಬ ಊರಿನಲ್ಲಿ ನಿಯಾನ್ ಗ್ವಾಂಗ್‌ಜಿಯು ಅಂತ ಒಬ್ಬರು ಹುರಿದ ಕಲ್ಲಂಗಡಿ ಬೀಜ ಮಾರುತ್ತಿದ್ದರು. ‘ಪೆದ್ದನ ಬೀಜ’ ಅಂತಲೇ ಅದಕ್ಕೆ ಹೆಸರು. ಅಲ್ಲಿ ಆಗ ಖಾಸಗಿಯವರು ಏಳು ಜನಕ್ಕಿಂತ ಜಾಸ್ತಿ ಆಳು ಇಟ್ಟುಕೊಳ್ಳುವ ಹಾಗಿರಲಿಲ್ಲ. ಇವರ ಹತ್ತಿರ ಅದಕ್ಕಿಂತ ಎಷ್ಟೋ ಜಾಸ್ತಿ ಜನ ಕೆಲಸ ಮಾಡುತ್ತಿದ್ದರು. ದೂರು ದೇಶದ ತುದಿವರೆಗೂ ಹೋಯಿತು. 1984ರಲ್ಲಿ ಡೆಂಗ್ ಶಿಯಾವೊಪಿಂಗ್ ಅವರೇ, ಅವನನ್ನು ಮುಟ್ಟಬೇಡಿ, ಸ್ವಲ್ಪ ದಿನ ನೋಡೋಣ ಅಂದರು.

ವಿಯೆಟ್ನಾಂ ನಮಗೆ ದೂರದ ದೇಶವಲ್ಲ. ನಿಮ್ಮ ಒಳ್ಳೆಮೆಣಸಿನ ಧಾರಣೆ ಏರುವುದು ಇಳಿಯುವುದರಲ್ಲಿ ಅವರ ಪಾಲು ಉಂಟು. 1986ರಲ್ಲಿ ಅಲ್ಲಿ ‘ದೊಯ್ ಮೊಯ್’ ಅಂತ ಹೊಸ ನೀತಿ ತಂದರು. ಗದ್ದೆಯ ಜವಾಬ್ದಾರಿ ಮತ್ತೆ ಮನೆಮನೆಗೆ ಬಂತು. ಈಗ ಪ್ರಪಂಚದಲ್ಲಿ ಅತಿ ಜಾಸ್ತಿ ಒಳ್ಳೆಮೆಣಸು ಬೆಳೆಯುವ ದೇಶ ಅದು. 2000ದಲ್ಲಿ ಬಂದ ಅಲ್ಲಿನ ಉದ್ಯಮ ಕಾನೂನು ಎಷ್ಟೋ ಬಗೆಯ ಪರವಾನಗಿಗಳನ್ನು ತೆಗೆದುಹಾಕಿತು, ಸಣ್ಣ ಕಂಪನಿಗಳು ಸಾಲುಸಾಲಾಗಿ ನೋಂದಣಿಯಾದವು.

ಪರವಾನಗಿಯ ಮಾತು ಬಂತಲ್ಲ, ನಮ್ಮ ಕೇರಳದಲ್ಲೂ ಹಾಗೊಂದು ಕಾನೂನು ಉಂಟು. 2019ರಲ್ಲಿ ಬಂದದ್ದು. ಸಣ್ಣ ಉದ್ಯಮ ಶುರು ಮಾಡುವವರು ಒಂದು ಸ್ವಯಂ ಘೋಷಣೆ ಕೊಟ್ಟು ರಶೀದಿ ಪಡೆದರೆ, ರಾಜ್ಯದ ಹಲವು ಪರವಾನಗಿಗಳಿಲ್ಲದೆಯೇ ಮೂರು ವರ್ಷ ನಡೆಸಬಹುದು. ಇದು ಗೊತ್ತಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಕೈಬಿಟ್ಟವರನ್ನು ನಾನು ನೋಡಿದ್ದೇನೆ.

ಹಾಗಾದರೆ ನಮಗೆ ತೊಡಕು ಎಲ್ಲಿ? ಗಡಿಯಲ್ಲಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ 550ಕ್ಕೂ ಜಾಸ್ತಿ. ಆದರೆ ತಿರುವನಂತಪುರಕ್ಕೆ ಮಾರಿದರೆ ರಾಜ್ಯದ ಒಳಗಿನ ವ್ಯಾಪಾರ, ಮಂಗಳೂರಿಗೆ ಮಾರಿದರೆ ಅಂತರರಾಜ್ಯ ವ್ಯಾಪಾರ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್ ಹೋಯಿತು, ಲಾರಿಗಳ ಉದ್ದ ಸಾಲು ಕರಗಿತು. ಎಲ್ಲರೂ ಖುಷಿಪಟ್ಟೆವು. ಆದರೆ ಕಂಬ ಹೋದರೂ ಗೆರೆ ಉಳಿಯಿತು. ಸಾಮಾನು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಡ ಅನ್ನುತ್ತಾರೆ. ಅದು ರಾಜ್ಯದ ಒಳಗೆ ಮಾರುವವರಿಗೆ. ತೆರಿಗೆ ಇರುವ ಸಾಮಾನನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಸಣ್ಣವರಿಗೆಂದು ಇರುವ ಸುಲಭದ ಕಾಂಪೊಸಿಷನ್ ಪದ್ಧತಿಯೂ ಆಗ ಸಿಗುವುದಿಲ್ಲ. ಗಡಿಯ ಈಚೆ ಉಪ್ಪಳದ ಅಕ್ಕ ಬಾಳೆಕಾಯಿ ಚಿಪ್ಸ್ ಮಾಡಿ ಗಡಿಯಾಚೆ ತೊಕ್ಕೊಟ್ಟಿನ ಅಂಗಡಿಗೆ ಕೊಟ್ಟರೆ ಈ ನಿಯಮ ತಾಗುತ್ತದೆ. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಹಪ್ಪಳ ಮಾತ್ರ ಮಾರುವವರಿಗೆ ಈ ತೊಂದರೆ ಇಲ್ಲ. ಇದನ್ನು ಮೊದಲೇ ತಿಳಿದು ಯಾವ ಸಾಮಾನು ಅಂತ ಆರಿಸುವುದು ಒಳ್ಳೆಯದು, ಅಲ್ವಾ?

2020ರ ಮಾರ್ಚ್ ನೆನಪಿದೆಯಾ? ಕೊರೋನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಕಾಯಿಲೆಯವರಿಗೇ ದಾರಿ ಇರಲಿಲ್ಲ, ಇನ್ನು ಹಪ್ಪಳ ಉಪ್ಪಿನಕಾಯಿಯ ಮಾತೇನು? ಮಂಗಳೂರನ್ನೇ ನಂಬಿದ್ದವರು ಆ ತಿಂಗಳುಗಳಲ್ಲಿ ತುಂಬ ಕಷ್ಟಪಟ್ಟರು. 2025ರಲ್ಲಿ ಇನ್ನೊಂದು ಏಟು ಬಿತ್ತು. ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬಳಸಲು ಸುರಕ್ಷಿತವಲ್ಲ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳಿತು. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಸಿದ ಹಾಳೆ ಅದು. ಅಲ್ಲಿಗೆ ಕಳಿಸುವುದನ್ನೇ ನೆಚ್ಚಿಕೊಂಡವರ ಎದೆ ಧಸಕ್ಕೆಂದಿತು. ಊರಿನ ಮದುವೆ, ಗೃಹಪ್ರವೇಶಗಳಿಗೆ ಕೊಡುತ್ತಿದ್ದವರ ತಟ್ಟೆ ಒತ್ತುವ ಪ್ರೆಸ್ಸು ಮರುದಿನವೂ ಓಡಿತು.

ಸಾಲದ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ, ಅದು ನಾನು ಅನ್ನ ತಿಂದ ಕೆಲಸ. ಸ್ವಂತ ಉದ್ಯಮ ಶುರು ಮಾಡುವವರಿಗೆ ಕೇಂದ್ರ ಸರಕಾರದ ಪಿಎಂಇಜಿಪಿ ಅಂತ ಒಂದು ಯೋಜನೆ, ಅದರಲ್ಲಿ ಹಳ್ಳಿಯ ಹೆಂಗಸರಿಗೆ ಯೋಜನಾ ವೆಚ್ಚದ 35 ಶೇಕಡಾ ಸಬ್ಸಿಡಿ ಉಂಟು. ಗಲ್ಫಿನಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಇದ್ದು ಬಂದವರಿಗೆ ಹೊರನಾಡಿನ ಕೇರಳದವರಿಗಾಗಿ ಇರುವ ಸರಕಾರಿ ಇಲಾಖೆ ನೋರ್ಕಾದ ಯೋಜನೆಯಲ್ಲಿ 15 ಶೇಕಡಾ, 3 ಲಕ್ಷದವರೆಗೆ. ಒಳ್ಳೆಯದೇ. ಆದರೆ ಪಿಎಂಇಜಿಪಿ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ. ಉದ್ಯಮ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆ. ‘ಸಬ್ಸಿಡಿ ಉಂಟಲ್ಲ ಸರ್, ಅದರಲ್ಲಿ ಶೆಡ್ಡು ಕಟ್ಟುತ್ತೇನೆ’ ಅಂತ ಹೇಳಿದವರಿಗೆ ನಾನು ಇದನ್ನು ಬಿಡಿಸಿ ಹೇಳುತ್ತಿದ್ದೆ. ಅಷ್ಟರಲ್ಲಿ ಕೆಲವರು ಯಂತ್ರಕ್ಕೆ ಮುಂಗಡ ಕೊಟ್ಟಾಗಿರುತ್ತಿತ್ತು.

ದುಬೈಯಿಂದ ಬಂದ ಒಬ್ಬ ತಮ್ಮನ ನೆನಪು ಬರುತ್ತದೆ. ಹನ್ನೆರಡು ವರ್ಷದ ಉಳಿತಾಯ, ಮೇಲೆ ನಾನೇ ಸಹಿ ಹಾಕಿದ ಸಾಲ. ಹೊಳೆಯುವ ಯಂತ್ರ ತಂದ, ರಿಬ್ಬನ್ ಕತ್ತರಿಸುವ ದಿನ ಊರಿಡೀ ಊಟ ಹಾಕಿಸಿದ. ಎಂಟು ತಿಂಗಳ ನಂತರ ಸಾಲ ವಸೂಲಿಗೆ ಹೋದೆ. ಯಂತ್ರದ ಮೇಲೆ ನೀಲಿ ಟಾರ್ಪಾಲು. ಅದರ ಮೇಲೆ ಅವನ ಅಮ್ಮ ಹುಳಿ ಒಣಗಲು ಹಾಕಿದ್ದರು. ‘ಸಾಮಾನು ಚೆನ್ನಾಗಿ ಬಂದಿತ್ತು ಸರ್, ಬೇಕಾದರೆ ನೋಡಿ’ ಅಂತ ಅವನು ಒಳಗಿಂದ ಒಂದು ಪೆಟ್ಟಿಗೆ ತಂದು ತೋರಿಸಿದ. ನಿಜಕ್ಕೂ ಚೆನ್ನಾಗಿತ್ತು. ನಾನು ಏನೂ ಹೇಳಲಾಗದೆ ಕಾಫಿ ಕುಡಿದು ಬಂದೆ.

ಇನ್ನು ನಮ್ಮ ಅತ್ತಿಗೆಯ ಹಲಸಿನ ಹಪ್ಪಳದ ಲೆಕ್ಕ. ಇದನ್ನು ನಿಧಾನವಾಗಿ ಓದಿ, ಬೇಕಾದರೆ ಪೆನ್ನು ಹಿಡಿದುಕೊಳ್ಳಿ.

ಅತ್ತಿಗೆ ಮತ್ತು ಪಕ್ಕದ ಮನೆಯ ಇಬ್ಬರು ಸೇರಿ ಎಪ್ರಿಲ್, ಮೇಯಲ್ಲಿ ಮಾಡುತ್ತಾರೆ. ಬೆಳೆದ ಕಾಯಿ ಕೊಯ್ದು, ಮೇಣ ಕೈಗಂಟದಂತೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಮೆಣಸು, ಕೊತ್ತಂಬರಿ, ಉಪ್ಪು ಸೇರಿಸಿ ಗುದ್ದಿ, ಉಂಡೆ ಮಾಡಿ ಒತ್ತಿ, ಚಾಪೆಯಲ್ಲಿ ಒಣಗಿಸುವುದು. ದಿನಕ್ಕೆ 300 ಹಪ್ಪಳ. 25ರ ಕಟ್ಟು, ಅಂದರೆ 12 ಕಟ್ಟು. ಅಂಗಡಿಯಲ್ಲಿ ಕಟ್ಟಿಗೆ 100 ರೂಪಾಯಿ, ಅಂಗಡಿಯವನು ಅತ್ತಿಗೆಗೆ ಕೊಡುವುದು 80. ಒಟ್ಟು 960. ಖಾರ, ಉಪ್ಪು, ಗ್ಯಾಸಿಗೆ 150. ಪ್ಲಾಸ್ಟಿಕ್ಕು, ಚೀಟಿಗೆ 60. ಪೇಟೆಗೆ ಹೋಗಿ ಬರುವ ರಿಕ್ಷಾ 200. ಒಂದು ಕಟ್ಟು ತುಂಡಾಗಿ ವಾಪಸ್, 80. ಉಳಿದದ್ದು 470. ಮೂವರಿಗೆ ಹಂಚಿದರೆ ತಲಾ 157 ರೂಪಾಯಿ ಕೂಡ ಪೂರ್ತಿ ಇಲ್ಲ. ಹಲಸಿಗೆ ಬೆಲೆ ಹಾಕಿಲ್ಲ. ಒಣಗಿಸಲು ಕಾಗೆ ಕಾದ ಎರಡು ದಿನ ಲೆಕ್ಕಕ್ಕಿಲ್ಲ.

‘ನಮ್ಮ ತೋಟದ ಹಲಸು, ನಮ್ಮದೇ ಕೈ, ಬಂದದ್ದು ಲಾಭ’ ಅನ್ನುತ್ತಿದ್ದರು ಅತ್ತಿಗೆ. ಈ ಮಾತು ನಮ್ಮ ಕಡೆಯ ಎಲ್ಲ ಅಡುಗೆಮನೆಗಳಲ್ಲೂ ಉಂಟು. ಅಕ್ಕಂದಿರೇ, ನಿಮ್ಮ ಕೈ ಪುಕ್ಕಟೆ ಅಲ್ಲ. ನಾನು ಈ ಲೆಕ್ಕ ಬರೆದು ತೋರಿಸಿದ ದಿನ ಅತ್ತಿಗೆ ತುಂಬ ಹೊತ್ತು ಮಾತಾಡಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಮರುವಾರ ಅವರೇ ಒಬ್ಬ ಅಡಿಗೆ ಭಟ್ಟರಿಗೆ ಫೋನ್ ಮಾಡಿದ್ದರು. ಮದುವೆ, ಉಪನಯನದ ಸೀಸನ್ನಿಗೆ ಎಷ್ಟು ಹಪ್ಪಳ ಬೇಕು ಅಂತ ಮೊದಲೇ ಕೇಳಿದರು. ಒಂದಕ್ಕೆ ಮೂರೂವರೆ ರೂಪಾಯಿ ಅಂತ ಮಾತಾಯಿತು. ಭಟ್ಟರಿಗೆ ಅಂಗಡಿಗಿಂತ ಐವತ್ತು ಪೈಸೆ ಕಡಿಮೆ, ಅತ್ತಿಗೆಗೆ ಅಂಗಡಿಯವನು ಕೊಡುವುದಕ್ಕಿಂತ ಮೂವತ್ತು ಪೈಸೆ ಜಾಸ್ತಿ. ಕಟ್ಟಿನ ಪ್ಲಾಸ್ಟಿಕ್ಕು ಬೇಡ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಕೊಡುವುದು. ನಾಲ್ಕು ದಿನದ 1200 ಹಪ್ಪಳ ಒಂದೇ ರಿಕ್ಷಾದಲ್ಲಿ. 4200 ಬಂತು. ಖಾರ, ಗ್ಯಾಸು 600, ರಿಕ್ಷಾ 200 ಕಳೆದು 3400. ದಿನಕ್ಕೆ ತಲಾ 283. ಅದೇ ಹಲಸು, ಅದೇ ಕೈ, ಅದೇ ಚಾಪೆ. ಹೊಸ ಯಂತ್ರ ಒಂದೂ ಇಲ್ಲ. ಇಷ್ಟೂ ಸಾಲದು ಅಂತ ನನ್ನ ಅಭಿಪ್ರಾಯ, ಇನ್ನೂ ಏರಬೇಕು. ಈ ವರ್ಷ ಮಾತಾಡುವಾಗ ಧೈರ್ಯವಾಗಿ ಬೆಲೆ ಕೇಳಿ ಅಂದಿದ್ದೇನೆ.

ಭಟ್ಟರು ಒಬ್ಬರನ್ನೇ ನೆಚ್ಚಿದರೆ ಅಮ್ಮನ ಬೀಡಿಯ ಕಥೆಯೇ ಆಗುತ್ತದೆ, ಅದೂ ನನಗೆ ಗೊತ್ತು. ಹಾಗಾಗಿ ಈಗ ಮೂವರು ಅಡಿಗೆಯವರು, ಒಂದು ಅಂಗಡಿ, ಮಂಗಳೂರಿನಲ್ಲಿರುವ ಊರಿನವರ ಒಂದು ಗುಂಪು. ಯಾರೊಬ್ಬರೂ ಅರ್ಧಕ್ಕಿಂತ ಜಾಸ್ತಿ ಒಯ್ಯುವ ಹಾಗಿಲ್ಲ ಅಂತ ಅತ್ತಿಗೆಯೇ ಗೆರೆ ಎಳೆದಿದ್ದಾರೆ.

ದೊಡ್ಡ ಅಂಗಡಿಗಳಿಗೆ ಕೊಡುವವರು ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರಕಾರ ಇಟ್ಟ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ. ಅದಕ್ಕೆ ದುಡ್ಡಿಲ್ಲ, ಮಾಡಿಸಿಕೊಡುತ್ತೇವೆ ಅಂತ ಸಾವಿರ ಕೇಳಿದರೆ ಕೊಡಬೇಡಿ. ಸಾಮಾನು ತಯಾರಿಸುವ ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ 2006ರ ಕಾನೂನು ಹೇಳುತ್ತದೆ. ವಿಷು ಮುಗಿಯಲಿ, ಓಣಂ ಮುಗಿಯಲಿ ಅಂತ ಬಿಲ್ಲು ಎಳೆಯುವವರಿಗೆ ಇದನ್ನು ಮೆಲ್ಲಗೆ ಹೇಳಿ.

ಭಾಷೆಯ ವಿಷಯ. ಒಂದು ಕಚೇರಿಯಲ್ಲಿ ನನ್ನ ಎದುರಿಗೇ ಒಬ್ಬ ಅಜ್ಜಿಯ ಅರ್ಜಿಯನ್ನು ಕನ್ನಡದಲ್ಲಿದೆ ಅಂತ ವಾಪಸ್ ಕೊಟ್ಟರು. ನನಗೆ ತುಂಬ ನೋವಾಯಿತು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಉಂಟು. ಅದನ್ನು ಕೇಳಿ ಪಡೆಯೋಣ. ಅದೇ ಹೊತ್ತಿಗೆ ಇನ್ನೊಂದನ್ನೂ ನೋಡಿ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಆಡುತ್ತೀರಿ, ಶಾಲೆಯಲ್ಲಿ ಕನ್ನಡ ಕಲಿತಿರಿ, ಪೇಟೆಯಲ್ಲಿ ಮಲಯಾಳ ಮಾತಾಡುತ್ತೀರಿ. ಕಣ್ಣೂರಿನ ಅಂಗಡಿಯವನ ಹತ್ತಿರವೂ ಪುತ್ತೂರಿನ ಅಂಗಡಿಯವನ ಹತ್ತಿರವೂ ಅವರವರ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲವರು ಎಷ್ಟು ಜನ ಇದ್ದಾರೆ ಹೇಳಿ? ಯಾವ ಬ್ಯಾಂಕೂ ಸಾಲ ಕೊಟ್ಟು ಕೊಡಿಸಲಾರದ ಬಂಡವಾಳ ಇದು. ಪೊಟ್ಟಣದ ಮೇಲೆ ಇಂಗ್ಲಿಷೋ ಹಿಂದಿಯೋ ಕಡ್ಡಾಯ. ಅದರ ಜೊತೆ ಕನ್ನಡವನ್ನೂ ಮಲಯಾಳವನ್ನೂ ಹಾಕಲು ಯಾರೂ ಅಡ್ಡಿ ಮಾಡುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗೆ ಹೊತ್ತು ಕೊಟ್ಟರು. ಹಿಂದಿನ ಸಾಲಿನಿಂದ ಒಬ್ಬ ತಂಗಿ ಎದ್ದರು. ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಮೂವರು ಸೇರಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕುತ್ತಾರಂತೆ. ‘ಸಾಲಕ್ಕೆ ಅರ್ಜಿ ಹಾಕಬೇಕಾ, ಈಗಲೇ ಬೇಡವಾ?’ ಅಂತ ಕೇಳಿದರು. ಹೋದ ವರ್ಷ ಯಾರ್ಯಾರು ತೆಗೆದುಕೊಂಡರು ಅಂತ ಗೊತ್ತಾ ಅಂದೆ. ಅವರು ಕೈಚೀಲದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಸಭೆ ಮುಗಿದ ಮೇಲೆ ಬೆಳಕಿನ ಹತ್ತಿರ ಕೂತು ನೋಡಿದೆ. ಒಟ್ಟು 41 ಹೆಸರು, ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ. ಪ್ರತಿ ಹೆಸರಿನ ಎದುರು ಊರು, ಎಷ್ಟು ಬಾಟಲಿ, ಹಣ ಬಂದ ತಾರೀಕು. ಒಂಬತ್ತು ಹೆಸರಿನ ಪಕ್ಕ ಕೆಂಪು ಪೆನ್ನಿನಲ್ಲಿ ‘ಉಪ್ಪು ಜಾಸ್ತಿ ಅಂದರು’ ಅಂತ ಬರೆದಿತ್ತು. ಇನ್ನೊಂದು ಪುಟದಲ್ಲಿ ಈ ವರ್ಷ ಆಗಲೇ ಹೇಳಿಟ್ಟವರು 26 ಜನ. ಅರ್ಜಿಯ ಜೊತೆ ಈ ಎರಡು ಪುಟದ ಜೆರಾಕ್ಸ್ ಇಡಿ ಅಂತ ಹೇಳಿದೆ. ನನ್ನ ಹೆಸರನ್ನೂ ಸೇರಿಸಿಕೊಂಡರು, ಎರಡು ಬಾಟಲಿ, ಉಪ್ಪು ಕಡಿಮೆ.